ದನದ ನೋವಿಗೆ ಮದ್ದು, ರಣಹದ್ದಿಗೆ ವಿಷ: ನಿಷೇಧದ ಆದೇಶವಷ್ಟೇ ಸಾಲದು

ಮುಂಬಯಿ: ಮಲಬಾರ್ ಹಿಲ್‌ನ ಡೂಂಗರ್‌ವಾಡಿಯಲ್ಲಿ ಪಾರ್ಸಿ ಬಾಂಧವರು ಶತಮಾನಗಳಿಂದ ಪಾಲಿಸಿಕೊಂಡು ಬಂದ ಅಂತ್ಯಸಂಸ್ಕಾರ ಪದ್ಧತಿ ಇಂದು ಮೊದಲಿನಂತೆ ನಡೆಯುತ್ತಿಲ್ಲ. ಅಲ್ಲಿನ ಮೌನ ಗೋಪುರಗಳಿಗೆ ಬರುತ್ತಿದ್ದ ರಣಹದ್ದುಗಳು ಕಣ್ಮರೆಯಾದ ಬಳಿಕ ಬಿಸಿಲಿನ ಶಾಖವನ್ನು ಕೇಂದ್ರೀಕರಿಸುವ ಫಲಕಗಳನ್ನು ಅಳವಡಿಸಬೇಕಾಯಿತು. ದಹನವನ್ನು ಆರಿಸಿಕೊಳ್ಳುವ ಪಾರ್ಸಿಗಳಿಗಾಗಿ 2015ರಲ್ಲಿ ವರ್ಲಿಯಲ್ಲಿ ಪ್ರಾರ್ಥನಾ ಮಂದಿರವೂ ಆರಂಭವಾಯಿತು. ದೇಶದಾದ್ಯಂತ ರಣಹದ್ದುಗಳು ಅಳಿವಿನ ಅಂಚಿಗೆ ಬರಲು ಮುಖ್ಯ ಕಾರಣ ಬೇಟೆಯೂ ಅಲ್ಲ, ರೋಗವೂ ಅಲ್ಲ. ಅದು ದನಕರುಗಳ ನೋವು, ಬಾವು, ಜ್ವರಕ್ಕೆಂದು ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಅಗ್ಗದ ಇಂಜೆಕ್ಷನ್.

ಈ ಔಷಧದಿಂದ ದನಕ್ಕೆ ಉಪಶಮನ ಸಿಗುತ್ತದೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಇಂಜೆಕ್ಷನ್ ಪಡೆದ ಒಂದೆರಡು ದಿನಗಳಲ್ಲಿ ದನ ಸತ್ತರೆ ಅದರ ಯಕೃತ್ತು, ಮೂತ್ರಪಿಂಡಗಳಲ್ಲಿ ಔಷಧದ ಅಂಶ ಉಳಿದಿರುತ್ತದೆ. ಅದನ್ನು ತಿಂದ ರಣಹದ್ದಿನ ಮೂತ್ರಪಿಂಡ ಕೆಟ್ಟು, ಯೂರಿಕ್ ಆಸಿಡ್ ಒಳ ಅಂಗಗಳ ಮೇಲೆ ಬಿಳಿ ಪುಡಿಯಂತೆ ಹರಡಿ, ಕೆಲವೇ ದಿನಗಳಲ್ಲಿ ಹಕ್ಕಿ ಸಾಯುತ್ತದೆ. ಪಾಕಿಸ್ತಾನದಲ್ಲಿ ನಡೆದ ಅಧ್ಯಯನವೊಂದು 2004ರಲ್ಲಿ ಇದನ್ನು ಸಿದ್ಧಪಡಿಸಿ ತೋರಿಸಿತು. ನೂರು ಕಳೇಬರಗಳಲ್ಲಿ ಒಂದಕ್ಕಿಂತ ಕಡಿಮೆ ವಿಷಮಯವಾಗಿದ್ದರೂ ಇಡೀ ಸಂತತಿ ಕುಸಿಯಲು ಸಾಕು ಎಂದು ಲೆಕ್ಕ ಹಾಕಲಾಗಿದೆ. ಒಂದೇ ಕಳೇಬರಕ್ಕೆ ಹತ್ತಾರು ಹದ್ದುಗಳು ಎರಗುವುದೇ ಇದಕ್ಕೆ ಕಾರಣ. 1992ರಿಂದ 2007ರ ನಡುವೆ ಭಾರತದಲ್ಲಿ ಬಿಳಿ ಬೆನ್ನಿನ ರಣಹದ್ದುಗಳ ಸಂಖ್ಯೆ ಶೇ. 99ಕ್ಕೂ ಹೆಚ್ಚು ಇಳಿದಿತ್ತು.

ಸರಕಾರ ಸುಮ್ಮನೆ ಕುಳಿತಿರಲಿಲ್ಲ ಎಂಬುದೂ ನಿಜ. ಪಶುಗಳಿಗೆಂದು ಡೈಕ್ಲೋಫೆನಾಕ್ ತಯಾರಿಸುವುದನ್ನು ನಿಲ್ಲಿಸುವಂತೆ 2006ರಲ್ಲಿ ಸೂಚನೆ ಹೊರಟು, 2008ರಲ್ಲಿ ಅಧಿಕೃತ ನಿಷೇಧ ಬಂತು. ಆದರೆ ಮನುಷ್ಯರಿಗಾಗಿ ಮಾರುವ ದೊಡ್ಡ ಬಾಟಲಿಗಳು ಔಷಧ ಅಂಗಡಿಗಳಿಂದ ನೇರವಾಗಿ ಹಟ್ಟಿಗೆ ಸಾಗತೊಡಗಿದವು. ಈ ಕಳ್ಳದಾರಿ ಮುಚ್ಚಲು 2015ರಲ್ಲಿ ಮನುಷ್ಯರ ಇಂಜೆಕ್ಷನನ್ನು 3 ಮಿ.ಲೀ.ನ ಒಂದೇ ಡೋಸಿನ ಪ್ಯಾಕಿಗೆ ಸೀಮಿತಗೊಳಿಸಲಾಯಿತು. ಕಂಪೆನಿಗಳು ಇದನ್ನು ಪ್ರಶ್ನಿಸಿದರೂ 2017ರಲ್ಲಿ ಮದರಾಸು ಹೈಕೋರ್ಟ್ ನಿರ್ಬಂಧವನ್ನು ಎತ್ತಿ ಹಿಡಿಯಿತು.

ಅಷ್ಟರಲ್ಲಿ ಬೇರೆ ಹೆಸರಿನ ಮದ್ದುಗಳು ಆ ಜಾಗಕ್ಕೆ ಬಂದಿದ್ದವು. ಅಸೆಕ್ಲೋಫೆನಾಕ್ ದನದ ದೇಹ ಸೇರಿದೊಡನೆ ಡೈಕ್ಲೋಫೆನಾಕ್ ಆಗಿಯೇ ಮಾರ್ಪಡುತ್ತದೆ. ಕೀಟೋಪ್ರೊಫೆನ್ ಕೂಡ ರಣಹದ್ದುಗಳಿಗೆ ಮಾರಕವೆಂದು ಪ್ರಯೋಗಗಳಿಂದ ತಿಳಿದಿತ್ತು. ಆದರೂ ಪಶುಗಳಿಗೆ ಇವೆರಡರ ಬಳಕೆಯನ್ನು ದೇಶದಾದ್ಯಂತ ನಿಷೇಧಿಸಲು 2023ರ ಜುಲೈ ಬರಬೇಕಾಯಿತು. ನಿಮೆಸುಲೈಡ್ ಸರದಿ ಬಂದದ್ದು 2024ರ ಡಿಸೆಂಬರ್ ಕೊನೆಯಲ್ಲಿ. ಒಂದನ್ನು ನಿಷೇಧಿಸುವಷ್ಟರಲ್ಲಿ ಇನ್ನೊಂದು ಮಾರುಕಟ್ಟೆಯಲ್ಲಿ ಬೇರೂರಿರುತ್ತದೆ. ಹಕ್ಕಿಗಳು ಸತ್ತ ಮೇಲೆ ಔಷಧವನ್ನು ತಡೆಯುವ ಈ ಕ್ರಮವೇ ತಲೆಕೆಳಗಾದುದು. ಪಶು ಔಷಧಕ್ಕೆ ಪರವಾನಿಗೆ ಕೊಡುವ ಮೊದಲೇ ರಣಹದ್ದುಗಳಿಗೆ ಅದು ನಿರಪಾಯವೆಂದು ಖಚಿತಪಡಿಸಿಕೊಳ್ಳುವ ನಿಯಮ ಬರಬೇಕಾಗಿದೆ.

ಇದು ಕೇವಲ ಪಕ್ಷಿಪ್ರೇಮಿಗಳ ಕಾಳಜಿಯಲ್ಲ. ರಣಹದ್ದುಗಳಿಲ್ಲದ ಊರುಗಳಲ್ಲಿ ಕಳೇಬರಗಳು ಕೊಳೆತು ನೀರು ಕೆಡುತ್ತದೆ, ಬೀದಿ ನಾಯಿಗಳು ಹೆಚ್ಚಿ ಹುಚ್ಚುನಾಯಿ ರೋಗದ ಭೀತಿಯೂ ಹೆಚ್ಚುತ್ತದೆ. ಈ ಹಕ್ಕಿಗಳ ನಾಶದಿಂದಾಗಿ 2000ದಿಂದ 2005ರ ನಡುವೆ ಭಾರತದಲ್ಲಿ ಸುಮಾರು 5 ಲಕ್ಷ ಹೆಚ್ಚುವರಿ ಸಾವು ಸಂಭವಿಸಿರಬಹುದೆಂದು 2024ರಲ್ಲಿ ಪ್ರಕಟವಾದ ಅರ್ಥಶಾಸ್ತ್ರದ ಅಧ್ಯಯನವೊಂದು ಅಂದಾಜಿಸಿದೆ.

ಹಾಗೆಂದು ನೋವಿನಿಂದ ನರಳುವ ಮೂಕಪ್ರಾಣಿಗೆ ಮದ್ದು ಕೊಡಬಾರದೆಂದಲ್ಲ. ಮೆಲಾಕ್ಸಿಕಾಂ ರಣಹದ್ದುಗಳಿಗೆ ಸುರಕ್ಷಿತವೆಂದು 2006ರಲ್ಲೇ ದೃಢಪಟ್ಟಿದ್ದು, ಇದು ದನಗಳ ನೋವು, ಬಾವಿಗೂ ಪರಿಣಾಮಕಾರಿ. ಟೋಲ್ಫೆನಾಮಿಕ್ ಆಸಿಡ್ ಕೂಡ ಆ ಬಳಿಕದ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿದೆ. ಅಂದರೆ ಗೋಪಾಲಕರ ಮುಂದೆ ದಾರಿ ಇದೆ, ಆ ದಾರಿಯನ್ನು ಅವರಿಗೆ ತೋರಿಸುವವರು ಬೇಕಷ್ಟೆ.

ಪ್ರಾಣಿಯ ಹಿತಕ್ಕೂ ಎಚ್ಚರಿಕೆ ಅಗತ್ಯ. ಈ ಗುಂಪಿನ ಎರಡು ಮದ್ದುಗಳನ್ನು ಒಟ್ಟಿಗೆ ಕೊಟ್ಟರೆ, ಅಥವಾ ಸ್ಟೀರಾಯ್ಡ್ ಜತೆ ಬೆರೆಸಿದರೆ, ಹೊಟ್ಟೆ ಮತ್ತು ಕರುಳಿನಲ್ಲಿ ಹುಣ್ಣಾಗುವ ಅಪಾಯವಿದೆ. ಭೇದಿಯಿಂದಲೋ ಬಿಸಿಲಿನಿಂದಲೋ ನೀರಿನಂಶ ಕಳೆದುಕೊಂಡ ಪ್ರಾಣಿಯ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು. ಕುದುರೆಗಳ ಕುಂಟಿಗೆ ಬಳಸುವ ಫಿನೈಲ್‌ಬ್ಯುಟಜೋನ್ ಪ್ರಮಾಣ ಮೀರಿದರೆ ಇದೇ ತೊಂದರೆ. ನೋವು ಮರೆಸಿ ಕುದುರೆಯನ್ನು ದುಡಿಮೆಗೆ ಹಚ್ಚಿದರೆ ಕಾಲಿನ ಗಾಯ ಇನ್ನಷ್ಟು ಬಲಿಯುತ್ತದೆ. ಕುದುರೆಗಳ ಹೊಟ್ಟೆನೋವಿಗೆ ಕೊಡುವ ಫ್ಲುನಿಕ್ಸಿನ್‌ನಿಂದ ಸ್ಪೇನ್‌ನಲ್ಲಿ ರಣಹದ್ದು ಸತ್ತಿರುವುದೂ ವರದಿಯಾಗಿದೆ. ಹಾಲು ಕರೆಯುವ ದನಕ್ಕೆ ಇಂಜೆಕ್ಷನ್ ಆದ ಮೇಲೆ ಎಷ್ಟು ದಿನ ಹಾಲು ಬಳಸಬಾರದೆಂದು ವೈದ್ಯರನ್ನೇ ಕೇಳಬೇಕು. ಚಿಕಿತ್ಸೆಯ ನಡುವೆ ಸತ್ತ ಪ್ರಾಣಿಯನ್ನು ಬಯಲಿಗೆ ಎಸೆಯದೆ ಆಳವಾಗಿ ಹೂಳುವುದು ಲೇಸು.

ಕರ್ನಾಟಕಕ್ಕೆ ಈ ವಿಷಯ ದೂರದ್ದೇನೂ ಅಲ್ಲ. 'ಶೋಲೆ' ಚಿತ್ರೀಕರಣದಿಂದ ಹೆಸರಾದ ರಾಮನಗರದ ಬಂಡೆಗಳ ನಡುವಿನ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಲಾಯಿತು. ಉದ್ದ ಕೊಕ್ಕಿನ ರಣಹದ್ದುಗಳ ನೆಲೆ ಇದು. ಆದರೆ ಧಾಮದ ಬೇಲಿ ಹಾರುವ ಹಕ್ಕಿಯನ್ನು ಕಾಯದು. ಅದು ಆಹಾರ ಹುಡುಕಿ ಸುತ್ತಲಿನ ಹಳ್ಳಿಗಳ ಮೇಲೆ ಹತ್ತಾರು ಮೈಲು ಹಾರುತ್ತದೆ. ಅದರ ಅಳಿವು ಉಳಿವು ನಿರ್ಧಾರವಾಗುವುದು ಆ ಹಳ್ಳಿಗಳ ಹಟ್ಟಿಗಳಲ್ಲಿ, ಔಷಧ ಅಂಗಡಿಗಳಲ್ಲಿ.

ಮುಂಬಯಿ, ಪುಣೆಗಳಲ್ಲಿ ನೆಲೆಸಿದ ಕನ್ನಡಿಗರಲ್ಲಿ ಊರಿನ ಮನೆಯ ಹಟ್ಟಿಯ ಖರ್ಚನ್ನು ಇಲ್ಲಿಂದಲೇ ಕಳುಹಿಸುವವರು ಅನೇಕರಿದ್ದಾರೆ. ದನಕ್ಕೆ ಕೆಚ್ಚಲು ಬಾವು, ಜ್ವರ ಎಂದು ಊರಿನಿಂದ ಫೋನ್ ಬಂದಾಗ ಹಣದ ಜತೆಗೆ ಒಂದು ಮಾತನ್ನೂ ಕೇಳಬಹುದು: "ಡಾಕ್ಟ್ರು ಕೊಟ್ಟ ಇಂಜೆಕ್ಷನ್ ಹೆಸರೇನು?" ಕಾನೂನು ಹಟ್ಟಿಯ ಬಾಗಿಲಿನ ತನಕ ಬರಲಾರದು, ಈ ಪ್ರಶ್ನೆ ಬರಬಲ್ಲದು.