ಗ್ಯಾಸ್ ವಾಸನೆಗೂ ‘ಅಡ್ಡಿಲ್ಲ’ ಅಂದ್ರೆ ಹೇಗೆ ಮಾರಾಯ್ರೇ?

ಕಳೆದ ಡಿಸೆಂಬರ್ ರಜೆಯಲ್ಲಿ ನಾವು ಆರು ಜನ ಗೆಳೆಯರು ಕುಮಟಾ ಕಡೆ ಸಮುದ್ರದ ದಂಡೆಯಲ್ಲಿ ಒಂದು ರಾತ್ರಿ ಟೆಂಟಿನಲ್ಲಿ ಉಳಿದಿದ್ವಿ. ಜೊತೆಗೆ ಒಬ್ಬ ಗೆಳೆಯನ ನಾಲ್ಕು ವರ್ಷದ ಮಗಳು. ಟೆಂಟು, ಒಲೆ, ಸಿಲಿಂಡರು ಎಲ್ಲಾ ಅಲ್ಲೇ ಬಾಡಿಗೆಗೆ ಸಿಕ್ಕಿದ್ದು. ಸಂಜೆ ಚಾ ಮಾಡೋಣ ಅಂತ ಕೂತ್ರೆ ಕೊಳೆತ ಎಲೆಕೋಸಿನಂಥ ವಾಸನೆ.

"ಗ್ಯಾಸ್ ಲೀಕ್ ಆಗ್ತಾ ಇದೆ ಅನ್ಸತ್ತೆ" ಅಂದೆ.

ಒಲೆ ತಂದುಕೊಟ್ಟ ಹುಡುಗ ನಕ್ಕ. "ಅಡ್ಡಿಲ್ಲ ಸಾರ್, ಈಗಷ್ಟೇ ಹಾಕಿದ್ದಲ್ವಾ, ಸ್ವಲ್ಪ ಹೊತ್ತು ಹಂಗೇ ಬರ್ತದೆ" ಅಂದ. ಆಮೇಲೆ ಎಲ್ಲಿಂದ ಬರ್ತಾ ಇದೆ ನೋಡೋದಕ್ಕೆ ಅಂತ... ಪೈಪಿನ ಹತ್ತಿರ ಲೈಟರ್ ಹಚ್ಚಿದ!

ಭಗ್ ಅಂತು. ಪಕ್ಕದಲ್ಲಿ ಕೂತಿದ್ದ ಗೆಳೆಯನ ಮುಂಗೈ ರೋಮ ಪೂರ್ತಿ ಸುಟ್ಟುಹೋಯ್ತು. ಪುಣ್ಯಕ್ಕೆ ಇನ್ನೊಬ್ಬ ತಕ್ಷಣ ರೆಗ್ಯುಲೇಟರ್ ಬಂದ್ ಮಾಡಿದ. ಹತ್ತು ಹೆಜ್ಜೆ ದೂರದ ಟೆಂಟಿನಲ್ಲಿ ಆ ಮಗು ಮಲಗಿತ್ತು. ಹುಡುಗ ಪೈಪನ್ನ ಸ್ವಲ್ಪ ಒಳಗೆ ತುರುಕಿ, ಮೇಲೊಂದು ಬಟ್ಟೆಚೂರು ಬಿಗಿದು, "ಈಗ ಅಡ್ಡಿಲ್ಲ" ಅಂದ.

ಮುಂದಿನದ್ದು ಹೇಳೋಕೆ ನಾಚಿಕೆ ಆಗತ್ತೆ. ನಾವು ಅದೇ ಒಲೆಯಲ್ಲಿ ಚಾ ಮಾಡಿ ಕುಡಿದ್ವಿ. ಆರರಲ್ಲಿ ಐದು ಜನ ಇಂಜಿನಿಯರಿಂಗ್ ಓದಿದವರು!

ನಾನು ಹೊನ್ನಾವರದವನು. ‘ಅಡ್ಡಿಲ್ಲ’ ನಮ್ಮ ಕಡೆಯ ಚಂದದ ಮಾತು. ಊಟ ಹೇಗಿತ್ತು? ಅಡ್ಡಿಲ್ಲ. ಗಂಡು ಹೇಗಿದ್ದಾನೆ? ಅಡ್ಡಿಲ್ಲ. ಬೆಂಗಳೂರಿನ ‘ಅಡ್ಜಸ್ಟ್ ಮಾಡಿ’ಗಿಂತ ನೂರು ಪಾಲು ಮೇಲು. ಆದ್ರೆ ಗ್ಯಾಸಿನ ವಿಷಯದಲ್ಲಿ ಈ ಮಾತನ್ನ ನಾವು ನಿಲ್ಲಿಸಲೇಬೇಕು ಅನ್ನೋದು ನನ್ನ ಜಗಳ.

ಅಡುಗೆ ಗ್ಯಾಸಿಗೆ ಸ್ವಂತ ವಾಸನೆ ಇಲ್ಲ. ಸೋರಿದ್ರೆ ಗೊತ್ತಾಗಲಿ ಅಂತಲೇ ಈಥೈಲ್ ಮರ್ಕ್ಯಾಪ್ಟನ್ ಅನ್ನೋ ನಾರುವ ವಸ್ತು ಬೆರೆಸ್ತಾರೆ. ಅಂದ್ರೆ ಆ ವಾಸನೆ ಒಂದು ಎಚ್ಚರಿಕೆಯ ಗಂಟೆ. ಗಂಟೆ ಹೊಡೆದಾಗ ‘ಅಡ್ಡಿಲ್ಲ, ಸ್ವಲ್ಪ ಹೊತ್ತು ಹೊಡೀತದೆ’ ಅನ್ನೋರಿಗೆ ಏನು ಹೇಳೋದು?

"ದಂಡೆ ಮೇಲೆ ಗಾಳಿ ಬೀಸ್ತದಲ್ವಾ, ಗ್ಯಾಸ್ ಹಾರಿಹೋಗ್ತದೆ" ಅಂತಾರೆ. ಇದು ದೊಡ್ಡ ಭ್ರಮೆ. ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಅದು ನೀರಿನ ಹಾಗೆ ತಗ್ಗು ಹುಡುಕಿಕೊಂಡು ಹೋಗತ್ತೆ. ಒಂದು ಲೀಟರ್ ದ್ರವ ಸೋರಿದ್ರೆ ಸುಮಾರು 250 ಲೀಟರ್ ಅನಿಲ ಆಗತ್ತೆ. ಗಾಳಿಯಲ್ಲಿ ಅದು ಶೇಕಡಾ 2 ರಷ್ಟು ಸೇರಿದ್ರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳತ್ತೆ. ಇನ್ನು ಗಾಳಿಯ ಕಥೆ. ಹಗಲು ಕಡಲಿಂದ ನೆಲಕ್ಕೆ, ರಾತ್ರಿ ನೆಲದಿಂದ ಕಡಲಿಗೆ ಬೀಸೋ ಗಾಳಿ ದಿಕ್ಕು ಬದಲಿಸೋ ಹೊತ್ತಿಗೆ ಮಂಕಾಗಿ ನಿಂತುಬಿಡತ್ತೆ. ಅದೇ ನಮ್ಮ ಚಾ ಹೊತ್ತು, ಅಡುಗೆ ಹೊತ್ತು! ಬೀಸಿದ್ರೂ ನಾವು ಬಿಡ್ತೀವಾ? ಒಲೆ ಆರಬಾರದು ಅಂತ ಮರಳಲ್ಲಿ ಗುಂಡಿ ತೋಡ್ತೀವಿ, ಸುತ್ತ ತಾಡಪಾಲು ಕಟ್ತೀವಿ. ಗ್ಯಾಸ್ ಬಂದು ತುಂಬಿಕೊಳ್ಳೋಕೆ ನಾವೇ ಬಟ್ಟಲು ಮಾಡಿಟ್ಟ ಹಾಗೆ.

ಇದನ್ನ ನಮ್ಮೂರಿನವರಿಗೆ ನಾನು ಹೇಳಿಕೊಡಬೇಕಾಗಿಲ್ಲ. 2015 ರಲ್ಲಿ ಕುಮಟಾ ತಾಲೂಕಿನ ಬರ್ಗಿಯಲ್ಲಿ ಹೆದ್ದಾರಿ ಮೇಲೆ ಗ್ಯಾಸ್ ಟ್ಯಾಂಕರ್ ಉರುಳಿ, ಸೋರಿದ ಅನಿಲಕ್ಕೆ ಬೆಂಕಿ ಹತ್ತಿ ಜನ ಸತ್ತರು. ಅದಕ್ಕೂ ಮೊದಲು, 2012 ರ ಆಗಸ್ಟ್ 27 ರ ರಾತ್ರಿ ಕಣ್ಣೂರಿನ ಚಾಲಾದಲ್ಲಿ ಇದೇ ಥರ ಟ್ಯಾಂಕರ್ ದುರಂತ, 20 ಜನ ಹೋದರು. ಟ್ಯಾಂಕರ್ ಬಂದ್ರೆ ಇವತ್ತಿಗೂ ನಮ್ಮ ಜನ ಬೈಕು ಪಕ್ಕಕ್ಕೆ ತಗೋತಾರೆ. ಅದೇ ಜನ ದಂಡೆಗೆ ಬಂದ ಕೂಡ್ಲೆ ಸಿಲಿಂಡರಿನ ಪಕ್ಕ ಸಿಗರೇಟು ಹಚ್ತಾರೆ. ಟ್ಯಾಂಕರಿನಲ್ಲಿರೋದೂ ಅದೇ, ಸಿಲಿಂಡರಿನಲ್ಲಿರೋದೂ ಅದೇ ಕಣ್ರೀ!

ಈಗ ಆ ಪುಟ್ಟ ಸಿಲಿಂಡರಿನ ಕಥೆಗೆ ಬರೋಣ. ತಲೆ ಮೇಲೇ ಬರ್ನರ್ ತಿರುಗಿಸಿ ಕೂರಿಸೋದು, ಯಾವ ಕಂಪನಿಯ ಹೆಸರೂ ಇಲ್ಲ, ಪರೀಕ್ಷೆಯ ಗುರುತೂ ಇಲ್ಲ. ಮನೆಯ ಒಲೆಗೆ ರೆಗ್ಯುಲೇಟರ್ ಕೊಡೋ ಒತ್ತಡ ಚದರ ಸೆಂಟಿಮೀಟರಿಗೆ 30 ಗ್ರಾಂ ಅಷ್ಟೆ. ಸಿಲಿಂಡರಿನ ಒಳಗೆ ನಮ್ಮ ಕರಾವಳಿಯ ಸೆಕೆಯಲ್ಲಿ ಅದರ ನೂರು ಪಟ್ಟಿಗೂ ಹೆಚ್ಚು ಒತ್ತಡ ಇರತ್ತೆ. ರೆಗ್ಯುಲೇಟರ್ ಇಲ್ಲದ ಆ ಬರ್ನರಿನಲ್ಲಿ ನಿಮ್ಮ ಮುಖಕ್ಕೂ ಆ ಒತ್ತಡಕ್ಕೂ ನಡುವೆ ಇರೋದು ಒಂದು ಸಣ್ಣ ತಿರುಪು. ಅದನ್ನ ತುಂಬಿಸೋದು ಎಲ್ಲಿ? ಯಾವುದೋ ಅಂಗಡಿಯ ಹಿಂದೆ, ಮನೆಯ ಸಿಲಿಂಡರನ್ನ ತಲೆಕೆಳಗು ಮಾಡಿ. ಒಂದು ಸಿಲಿಂಡರಿನಿಂದ ಇನ್ನೊಂದಕ್ಕೆ ಹೀಗೆ ತುಂಬೋದನ್ನ 2000 ನೇ ಇಸವಿಯ ಎಲ್‌ಪಿಜಿ ಆದೇಶವೇ ನಿಷೇಧಿಸಿದೆ. ಕಾನೂನು ಬಿಡಿ, ಭೌತಶಾಸ್ತ್ರ ಕೇಳಿ. ದ್ರವ ಬಿಸಿಗೆ ಹಿಗ್ಗತ್ತೆ, ಅದಕ್ಕೇ ಸಿಲಿಂಡರಿನಲ್ಲಿ ಮೇಲೆ ಜಾಗ ಬಿಟ್ಟು ತುಂಬ್ತಾರೆ. ಅಂದಾಜಿನಲ್ಲಿ ತುಂಬೋನು ಆ ಜಾಗ ಬಿಟ್ಟಿದ್ದಾನೆ ಅಂತ ನಿಮಗೆ ಹೇಳಿದವರು ಯಾರು?

ನಮ್ಮ ಸಾಫ್ಟ್‌ವೇರ್ ಮಂದಿ ಇನ್ನೂ ಬುದ್ಧಿವಂತರು :-) ತೆಳು ತಗಡಿನ ಉದ್ದ ಬ್ಯೂಟೇನ್ ಡಬ್ಬಿ ತಗೊಂಡು, ಖಾಲಿ ಆದ ಮೇಲೆ ಆನ್‌ಲೈನಿನಲ್ಲಿ ಸಿಗೋ ಅಡಾಪ್ಟರ್ ಹಾಕಿ ಮನೆಯ ಗ್ಯಾಸ್ ತುಂಬ್ತಾರೆ. ಪರಿಸರಕ್ಕೂ ಒಳ್ಳೇದು, ದುಡ್ಡೂ ಉಳೀತು ಅಂತ ಹೆಮ್ಮೆ ಬೇರೆ. 30 ಡಿಗ್ರಿ ಸೆಕೆಯಲ್ಲಿ ಬ್ಯೂಟೇನಿನ ಒತ್ತಡ ವಾತಾವರಣದ ಒತ್ತಡದ ಮೂರು ಪಟ್ಟಿನ ಒಳಗೆ, ಪ್ರೊಪೇನಿನದ್ದು ಹತ್ತು ಪಟ್ಟಿನ ಮೇಲೆ. ನಮ್ಮ ಅಡುಗೆ ಗ್ಯಾಸ್ ಇವೆರಡರ ಮಿಶ್ರಣ. ಬ್ಯೂಟೇನಿಗೆ ಅಂತ, ಒಂದೇ ಸಲಕ್ಕೆ ಅಂತ ಮಾಡಿದ ಡಬ್ಬಿಗೆ ಇದನ್ನ ತುಂಬಿ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಇಡ್ತೀರಿ. ಆ ಡಬ್ಬಿಯ ಮೇಲೇ 50 ಡಿಗ್ರಿ ದಾಟಬಾರದು ಅಂತ ಬರೆದಿರತ್ತೆ. ಮುರ್ಡೇಶ್ವರದಲ್ಲಿ ಮಧ್ಯಾಹ್ನ ಬಿಸಿಲಿಗೆ ನಿಲ್ಲಿಸಿದ ಕಾರೊಳಗೆ ಕೈಯಿಟ್ಟು ನೋಡಿದ್ದೀರಾ?

"ಹಾಗಾದ್ರೆ ಗ್ಯಾಸೇ ಬೇಡ, ಕಟ್ಟಿಗೆ ಒಲೆ ಹಚ್ಚೋಣ" ಅನ್ನೋರಿದ್ದಾರೆ. ನಾನು ಹಾಗೆ ಹೇಳ್ತಾ ಇಲ್ಲ. ಕಾಸರಕೋಡಿನ ಗಾಳಿಮರದ ತೋಪಿನಲ್ಲಿ ಒಣಗಿದ ಎಲೆ ಹೇಗೆ ಹಾಸಿರತ್ತೆ ಅಂತ ನೋಡಿದವರು ಅಲ್ಲಿ ಕಟ್ಟಿಗೆ ಹಚ್ಚೋ ಮಾತಾಡಲ್ಲ. ಯಾಣದ ಕಾಡಿನಲ್ಲಂತೂ ಬೇಡವೇ ಬೇಡ. ಸರಿಯಾಗಿ ಬಳಸಿದ್ರೆ ಗ್ಯಾಸೇ ಮೇಲು, ಆರಿಸಿದ ಕೂಡ್ಲೆ ಆರತ್ತೆ, ಕೆಂಡ ಉಳಿಯಲ್ಲ. "ಎಲ್ಲಾ ಟೆಂಟೂ ಬಂದ್ ಮಾಡಿಸಿ" ಅನ್ನೋ ಇನ್ನೊಂದು ಪಂಗಡಕ್ಕೂ ನಾನು ಸೇರಿದವನಲ್ಲ. ಬಂದ್ ಮಾಡಿದ್ರೆ ಇದೇ ಒಲೆಗಳು ಇನ್ನಷ್ಟು ಕತ್ತಲಿಗೆ ಹೋಗಿ ಕೂರ್ತವೆ.

"ಬಡವರು ಸ್ವಾಮಿ, ಸೀಸನ್ನಿನಲ್ಲಿ ನಾಲ್ಕು ಕಾಸು ಮಾಡ್ಕೋತಾರೆ" ಅಂತ ಕನಿಕರ ತೋರಿಸೋರಿಗೆ ನನ್ನ ಉತ್ತರ: ಒಂದು ರಾತ್ರಿಯ ಟೆಂಟಿನ ಬಾಡಿಗೆಯಲ್ಲಿ ಐಎಸ್‌ಐ ಗುರುತಿನ ಒಂದು ಸುರಕ್ಷಾ ಪೈಪು, ಎರಡು ಕ್ಲಿಪ್ಪು ಬರತ್ತೆ. 5 ಕೆ.ಜಿ.ಯ ಕಂಪನಿ ಸಿಲಿಂಡರನ್ನ 2013 ರಿಂದಲೇ ಪೆಟ್ರೋಲ್ ಬಂಕುಗಳಲ್ಲಿ ಮಾರೋಕೆ ಶುರು ಮಾಡಿದ್ದಾರೆ. ವಿಳಾಸದ ದಾಖಲೆ ಬೇಡ, ಗುರುತಿನ ಚೀಟಿ ಸಾಕು. ಮೊದಲು ಸುಡೋದು ಆ ಒಲೆ ಹಚ್ಚೋ ಹುಡುಗನ ಕೈ. ಅವನ ಮೇಲೆ ಕನಿಕರ ಇದ್ರೆ ಮಾಲೀಕನ ಹತ್ರ ಪೈಪು ಕೇಳಿ.

ಊರಿಂದ ಒಲೆ ಕಟ್ಟಿಕೊಂಡು ಪಂಚಗಂಗಾ ರೈಲು ಹತ್ತೋರಿಗೆ ಒಂದು ಮಾತು. 2023 ರ ಆಗಸ್ಟ್ 26 ರಂದು ಮದುರೈಯಲ್ಲಿ ನಿಂತಿದ್ದ ಪ್ರವಾಸಿ ಬೋಗಿಗೆ ಬೆಂಕಿ ಬಿದ್ದು 9 ಜನ ಸತ್ತರು. ಕದ್ದು ಒಯ್ದಿದ್ದ ಗ್ಯಾಸ್ ಸಿಲಿಂಡರ್ ಅದಕ್ಕೆ ಕಾರಣ ಅಂತ ರೈಲ್ವೆ ಹೇಳಿತು. ರೈಲ್ವೆ ಕಾಯ್ದೆಯ 164 ನೇ ಕಲಮಿನಲ್ಲಿ ಇದಕ್ಕೆ ಮೂರು ವರ್ಷದವರೆಗೆ ಜೈಲಿದೆ. ಇನ್ನು, ಮಳೆ ಬಂತು ಅಂತ ಒಲೆಯನ್ನ ಟೆಂಟಿನ ಒಳಗೆ ಎಳೆದುಕೊಳ್ಳೋರು 2020 ರ ಜನವರಿ ನೆನಪಿಡಿ. ನೇಪಾಳದ ದಾಮನ್‌ನಲ್ಲಿ ಗ್ಯಾಸ್ ಹೀಟರ್ ಹಚ್ಚಿ ಬಾಗಿಲು ಮುಚ್ಚಿ ಮಲಗಿದ ಕೇರಳದ 8 ಪ್ರವಾಸಿಗರು ಬೆಳಿಗ್ಗೆ ಏಳಲಿಲ್ಲ. ಅವರಲ್ಲಿ ಮಕ್ಕಳೂ ಇದ್ದರು. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಗಂಟೆಯೂ ಇಲ್ಲ.

ನಾನು ಈಗ ಎಲ್ಲಿ ಹೋದ್ರೂ ಮಾಡೋದು ಇಷ್ಟು. ಸಿಲಿಂಡರಿನ ಕೊರಳ ಪಟ್ಟಿಯ ಒಳಬದಿ ನೋಡ್ತೀನಿ. ಎ, ಬಿ, ಸಿ, ಡಿ ಅಕ್ಷರದ ಪಕ್ಕ ಇಸವಿ ಇರತ್ತೆ. ಎ ಅಂದ್ರೆ ಜನವರಿಯಿಂದ ಮಾರ್ಚ್, ಡಿ ಅಂದ್ರೆ ಅಕ್ಟೋಬರಿನಿಂದ ಡಿಸೆಂಬರ್. ಆ ಅವಧಿ ದಾಟಿದ್ರೆ ಬೇಡ ಅಂತೀನಿ. ಒದ್ದೆ ಮರಳಲ್ಲಿ ನಿಂತು ಬುಡ ತುಕ್ಕು ತಿಂದಿದ್ರೂ ಬೇಡ. ವಾಲ್ವ್ ಒಳಗೆ ರಬ್ಬರ್ ರಿಂಗ್ ಇದೆಯಾ, ಮರಳು ಕೂತಿದೆಯಾ ನೋಡ್ತೀನಿ. ಪೈಪು ಐದು ವರ್ಷಕ್ಕೆ ಬದಲಾಗಬೇಕು, ನಮ್ಮ ಉಪ್ಪುಗಾಳಿಗೆ ಅದಕ್ಕೂ ಮೊದಲೇ ಬಿರಿಯಬಹುದು. ಜೋಡಿಸಿದ ಮೇಲೆ ಸಾಬೂನಿನ ನೀರು ಹಚ್ತೀನಿ, ಗುಳ್ಳೆ ಬಂದ್ರೆ ಸೋರ್ತಾ ಇದೆ ಅಂತ ಅರ್ಥ. ಸಿಲಿಂಡರ್ ನೆಟ್ಟಗೆ ನಿಲ್ಲಬೇಕು, ಮಲಗಿಸಿದ್ರೆ ಅನಿಲದ ಬದಲು ದ್ರವವೇ ಹೊರಬರತ್ತೆ. ಒಲೆ ನೆಲಕ್ಕಿಂತ, ಸಿಲಿಂಡರಿಗಿಂತ ಎತ್ತರದಲ್ಲಿರಬೇಕು. ವಾಸನೆ ಬಂದ್ರೆ ಲೈಟರ್ ಅಲ್ಲ, ರೆಗ್ಯುಲೇಟರ್ ಬಂದ್, ಜನ ದೂರ, ಫೋನ್ 1906. ಎಲ್ಲಾ ಸೇರಿ ಐದು ನಿಮಿಷ. ಎರಡು ಸಾಲು ಕೋಡ್ ಬದಲಿಸಿದ್ರೆ ಎರಡು ದಿನ ಟೆಸ್ಟ್ ಮಾಡೋ ನಮಗೆ ಐದು ನಿಮಿಷ ಇಲ್ವಾ?

ಕೊನೆಗೆ ಜಗಳ ನನ್ನ-ನಿಮ್ಮ ಜೊತೆಗೇ. ಕುಮಟಾದಿಂದ ಗೋಕರ್ಣಕ್ಕೆ ದಂಡೆಗುಂಟ ನಡೆದ ಕಥೆ ನಾವೆಲ್ಲಾ ಬರೆದಿದ್ದೀವಿ. ಅಘನಾಶಿನಿಯ ಸೂರ್ಯಾಸ್ತ, ತದಡಿಯ ದೋಣಿ, ರಾತ್ರಿಯ ಮ್ಯಾಗಿ. ಆ ಮ್ಯಾಗಿ ಬೇಯಿಸಿದ ಒಲೆಯ ಪೈಪಿಗೆ ಬಟ್ಟೆ ಸುತ್ತಿತ್ತು ಅಂತ ಯಾರೂ ಬರೀಲಿಲ್ಲ, ನಾನೂ ಬರೀಲಿಲ್ಲ. ಮುಂದಿನ ಸಲ ಭಟ್ಕಳವೋ ಹೊನ್ನಾವರವೋ ಕುಮಟೆಯೋ, ಟೆಂಟು ಬುಕ್ ಮಾಡೋ ಮೊದಲು "ಸಿಲಿಂಡರ್ ಯಾವುದು, ಪೈಪು ಯಾವಾಗಿಂದು" ಅಂತ ಕೇಳಿ. ಬರೆಯುವಾಗ ಅದನ್ನೂ ಎರಡು ಸಾಲು ಬರೀರಿ. ಹತ್ತು ಜನ ಕೇಳಿದ್ರೆ ಹನ್ನೊಂದನೆಯವನಿಗೆ ಹೊಸ ಪೈಪು ಸಿಗತ್ತೆ.

ಆ ಮಗು ಬೆಳಿಗ್ಗೆ ಎದ್ದು ಮರಳಲ್ಲಿ ಮನೆ ಕಟ್ಟಿ ಆಡ್ತು. ಅದಕ್ಕೆ ಏನೂ ಗೊತ್ತಿಲ್ಲ. ನಮಗೆ ಗೊತ್ತಿದೆ.

ಊಟಕ್ಕೆ ಅಡ್ಡಿಲ್ಲ ಅನ್ನಿ, ಗಂಡಿಗೆ ಅಡ್ಡಿಲ್ಲ ಅನ್ನಿ. ಗ್ಯಾಸಿಗೆ ಮಾತ್ರ ಅಡ್ಡಿ ಇದೆ ಅನ್ನಿ. ನೀವೇನಂತೀರಿ?