ಕೊಡುವಾಗ ನಿಗಮ, ದುಡಿಸುವಾಗ ಸರ್ಕಾರ

ಚಿಕ್ಕೋಡಿಯಿಂದ ನಿಪ್ಪಾಣಿಗೋ ಅಥಣಿಯಿಂದ ಕಾಗವಾಡಕ್ಕೋ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ಬಳಿ ಹತ್ತು ನಿಮಿಷ ಮಾತಿಗೆ ಕೂತರೆ ಸಾಕು, ‘38 ತಿಂಗಳು’ ಎಂಬ ಮಾತು ಬಂದೇ ಬರುತ್ತದೆ. 2025ರ ಆಗಸ್ಟ್ 5ರಂದು ಸಾರಿಗೆ ನೌಕರರು ಗಾಡಿ ನಿಲ್ಲಿಸಿದ್ದಕ್ಕೂ ಈ ಲೆಕ್ಕವೇ ಮುಖ್ಯ ಕಾರಣ. ಹೈಕೋರ್ಟ್ ಗದರಿದ ಮೇಲೆ ಮುಷ್ಕರ ಅದೇ ದಿನ ನಿಂತಿತು. ಬಸ್ ಸಿಗದೆ ಒದ್ದಾಡಿದವರಿಗೆ ಮಾತ್ರ ಆ ಲೆಕ್ಕ ಏನೆಂದು ಯಾರೂ ಬಿಡಿಸಿ ಹೇಳಲಿಲ್ಲ.

ಸಾರಿಗೆ ನೌಕರರ ವೇತನ ನಾಲ್ಕು ವರ್ಷಕ್ಕೊಮ್ಮೆ ಪರಿಷ್ಕರಣೆ ಆಗಬೇಕು. 2016ರಲ್ಲಿ ಶೇ 35ರಷ್ಟು ಹೆಚ್ಚಳ ಕೇಳಿ, ಮೂರು ದಿನ ಬಸ್ ನಿಲ್ಲಿಸಿ, ಶೇ 12.5ಕ್ಕೆ ಒಪ್ಪಿಕೊಂಡರು. ಮುಂದಿನದು 2020ರ ಜನವರಿ 1ರಿಂದ ಜಾರಿಯಾಗಬೇಕಿತ್ತು. ಕೊರೊನಾ ಬಂತು, ಮುಷ್ಕರಗಳು ಬಂದವು, ಕೊನೆಗೆ ವಿಧಾನಸಭೆ ಚುನಾವಣೆ ಬಾಗಿಲಿಗೆ ಬಂದಾಗ, 2023ರ ಮಾರ್ಚ್‌ನಲ್ಲಿ, ಮೂಲವೇತನದ ಮೇಲೆ ಶೇ 15 ಹೆಚ್ಚಳ ಘೋಷಣೆಯಾಯಿತು. ಆದರೆ ಹಣ ಕೈಗೆ ಬರಲು ಶುರುವಾದದ್ದು ಆ ಮಾರ್ಚ್‌ 1ರಿಂದ. ಅದರ ಹಿಂದಿನ 38 ತಿಂಗಳದ್ದು ‘ಅರಿಯರ್ಸ್’ ಆಗಿ ಉಳಿಯಿತು.

ಒಂದು ಉದಾಹರಣೆ ಹಾಕಿ ನೋಡೋಣ. ಮೂಲವೇತನ 20,000 ರೂಪಾಯಿ ಇದ್ದವನಿಗೆ ಶೇ 15 ಎಂದರೆ ತಿಂಗಳಿಗೆ 3,000. 38 ತಿಂಗಳಿಗೆ 1,14,000 ರೂಪಾಯಿ. ತುಟ್ಟಿಭತ್ಯೆ ಇದರಲ್ಲಿ ಸೇರಿಲ್ಲ. ರಾಜ್ಯದ ನಾಲ್ಕೂ ಸಾರಿಗೆ ನಿಗಮ ಸೇರಿ ಈ ಬಾಕಿ 1,785 ಕೋಟಿ ಎಂದು ಸಂಘಟನೆಗಳು ಹೇಳಿದವು. ಸರ್ಕಾರ ಆಗ ಒಪ್ಪಿದ್ದು 14 ತಿಂಗಳದ್ದಕ್ಕೆ, 718 ಕೋಟಿಗೆ. ಅಂದರೆ ನಮ್ಮ ಉದಾಹರಣೆಯ ಕಂಡಕ್ಟರ್‌ಗೆ 42,000 ಸಿಗುತ್ತಿತ್ತು, 72,000 ಹೋಗುತ್ತಿತ್ತು. ಮಗಳ ಮದುವೆಗೋ ಮನೆಯ ಸ್ಲ್ಯಾಬಿಗೋ ಆ ದುಡ್ಡು ಬರುತ್ತದೆಂದು ಮೊದಲೇ ಕೈಗಡ ಮಾಡಿದವನಿಗೆ ಇದು ಬರೀ ಅಂಕಿಸಂಖ್ಯೆಯಲ್ಲ.

ಹಾಗಾದರೆ ಕೊಡಬೇಕಾದವರು ಯಾರು? ಗೊಂದಲ ಇರುವುದು ಇಲ್ಲೇ.

ಚಿಕ್ಕೋಡಿ-ಅಥಣಿಯ ಈ ಸೀಮೆ 1956ರವರೆಗೆ ಮುಂಬೈ ರಾಜ್ಯದಲ್ಲಿತ್ತು, ಬಸ್ಸೂ ಅವರದೇ. ಏಕೀಕರಣದ ನಂತರ 1961ರಲ್ಲಿ ರಾಜ್ಯ ಸಾರಿಗೆ ನಿಗಮ ಹುಟ್ಟಿತು. 1997ರ ನವೆಂಬರ್ 1ರಂದು ಅದರಿಂದ ವಾಯವ್ಯ ಸಾರಿಗೆ ಬೇರೆಯಾಗಿ ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಮಾಡಿಕೊಂಡಿತು. ಚಿಕ್ಕೋಡಿ ಅದರ ಒಂದು ವಿಭಾಗ. ಜನ ಇವತ್ತಿಗೂ ‘ಸರ್ಕಾರಿ ಬಸ್’ ಎನ್ನುತ್ತಾರೆ. ಕಾಗದದ ಮೇಲೆ ಮಾತ್ರ ಡ್ರೈವರ್ ಸರ್ಕಾರಿ ನೌಕರನಲ್ಲ, 1950ರ ಕಾಯ್ದೆಯಡಿ ರಚನೆಯಾದ ನಿಗಮದ ನೌಕರ. ತಾಲ್ಲೂಕು ಕಚೇರಿಯ ಗುಮಾಸ್ತನಿಗೆ ವೇತನ ಆಯೋಗವಿದೆ, 2024ರ ಆಗಸ್ಟ್‌ನಿಂದ ಏಳನೆಯದೂ ಜಾರಿಗೆ ಬಂತು. ಅದೇ ಕಚೇರಿಗೆ ಗುಮಾಸ್ತನನ್ನು ದಿನಾ ಕರೆತರುವ ಡ್ರೈವರಿಗೆ ಅದು ಅನ್ವಯಿಸುವುದಿಲ್ಲ. ಕೇಳಿದರೆ ‘ನೀವು ನಿಗಮದವರು, ನಿಗಮ ನಷ್ಟದಲ್ಲಿದೆ’ ಎಂಬ ಉತ್ತರ.

ನಿಗಮ ನಷ್ಟದಲ್ಲಿದೆ, ನಿಜ. ಆದರೆ ಟಿಕೆಟ್ ದರ ನಿಗಮದ ಕೈಯಲ್ಲಿಲ್ಲ. 2020ರ ನಂತರ ದರ ಏರಿದ್ದು 2025ರ ಜನವರಿ 5ಕ್ಕೆ, ಸಚಿವ ಸಂಪುಟ ಒಪ್ಪಿದ ಮೇಲೆ. ನಡುವಿನ ಐದು ವರ್ಷ ಡೀಸೆಲ್ ಯಾರ ಮಾತನ್ನೂ ಕೇಳಲಿಲ್ಲ. ‘ಶಕ್ತಿ’ ಯೋಜನೆಯಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ಕೊಟ್ಟಿದ್ದು ಸರ್ಕಾರ. ಮುಷ್ಕರ ಹೂಡಿದರೆ ಅಗತ್ಯ ಸೇವೆಗಳ ಕಾಯ್ದೆ, ಅಂದರೆ ಎಸ್ಮಾ, ಜಾರಿ ಮಾಡುವುದೂ ಸರ್ಕಾರವೇ. ದುಡಿಸುವಾಗ ಸರ್ಕಾರದ ಆಳು, ಕೊಡುವಾಗ ನಿಗಮದ ಪಾಲು. ನೌಕರರ ಮನಸ್ಸು ಮುರಿದದ್ದು ಸಂಬಳ ಕಡಿಮೆ ಎಂಬುದಕ್ಕಿಂತ ಹೆಚ್ಚಾಗಿ ಈ ಎರಡು ನಾಲಿಗೆಯಿಂದ ಎಂದು ನನಗೆ ಅನಿಸುತ್ತದೆ.

‘ಎಲ್ಲಾ ಶಕ್ತಿ ಯೋಜನೆಯಿಂದ ಕೆಟ್ಟಿತು’ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. 38 ತಿಂಗಳ ಬಾಕಿ ಹುಟ್ಟಿದ್ದು ಆ ಯೋಜನೆ ಶುರುವಾದ 2023ರ ಜೂನ್ 11ಕ್ಕಿಂತ ಮೊದಲೇ. ರಾಯಬಾಗದಿಂದ ಚಿಂಚಲಿ ಮಾಯಕ್ಕನ ಜಾತ್ರೆಗೆ ಗಂಟಿನಲ್ಲಿ ರೊಟ್ಟಿ ಕಟ್ಟಿಕೊಂಡು ಹೊರಡುವ ಮುದುಕಿ ಕಂಡಕ್ಟರನ ಶತ್ರುವಲ್ಲ. ಆದರೆ ಯೋಜನೆ ಬಂದ ಮೇಲೆ ಅವನ ದಿನ ಬದಲಾಗಿದೆ ಎಂಬುದು ಸುಳ್ಳಲ್ಲ. ದುಡ್ಡು ಬರದ ಟಿಕೆಟ್ಟನ್ನೂ ಮಶೀನಿನಿಂದ ಹರಿದು ಕೊಡಲೇಬೇಕು, ಏಕೆಂದರೆ ಸರ್ಕಾರ ನಿಗಮಕ್ಕೆ ಹಣ ತುಂಬಿಕೊಡುವುದು ಆ ಶೂನ್ಯ ಟಿಕೆಟ್‌ಗಳ ಲೆಕ್ಕದ ಮೇಲೆ. ತುಂಬಿದ ಗಾಡಿಯಲ್ಲಿ ಒಂದು ತಪ್ಪಿದರೂ, ಚೆಕಿಂಗ್‌ನವರು ಹತ್ತಿದಾಗ ಮೆಮೊ ಅವನಿಗೇ.

ಗಡಿಯಲ್ಲಿ ಇದಕ್ಕೆ ಇನ್ನೊಂದು ಗಂಟು. ಉಚಿತ ಪ್ರಯಾಣ ಕರ್ನಾಟಕದ ಮಹಿಳೆಯರಿಗೆ, ಅದೂ ರಾಜ್ಯದೊಳಗೆ. ಅಥಣಿ ಕಡೆಯ ಹುಡುಗಿಯನ್ನು ಮಿರಜಿಗೋ ಇಚಲಕರಂಜಿಗೋ ಕೊಟ್ಟಿರುತ್ತಾರೆ. ಪಂಚಮಿಗೆ ತವರಿಗೆ ಬಂದವಳು ಊರಿನ ಬಸ್ ಹತ್ತುತ್ತಾಳೆ. ‘ಅಕ್ಕಾರ, ಆಧಾರ ಕಾರ್ಡ ತಗೀರಿ’ ಎಂದರೆ ಅದರಲ್ಲಿ ಮಹಾರಾಷ್ಟ್ರದ ವಿಳಾಸ. ಪಕ್ಕದಲ್ಲಿ ಕೂತ ಅವಳ ತಾಯಿಗೆ ಶೂನ್ಯ ಟಿಕೆಟ್, ಅವಳಿಗೆ ಪೂರ್ತಿ ದರ. ಅತ್ತ ಮಹಾರಾಷ್ಟ್ರದ ಸರ್ಕಾರಿ ಸಾರಿಗೆಯಾದ ಎಸ್‌ಟಿಯಲ್ಲಿ 2023ರ ಮಾರ್ಚ್‌ನಿಂದ ಮಹಿಳೆಯರಿಗೆ ಅರ್ಧ ದರ. ‘ನಾ ಇದ ಊರಿನ ಮಗಳ ಅದೀನಿ’ ಎಂಬ ಜಗಳಕ್ಕೆ ಉತ್ತರ ಕೊಡಬೇಕಾದವನು ನಿಯಮ ಬರೆದವನಲ್ಲ, ಮಶೀನ್ ಹಿಡಿದವನು.

ಭಾಷೆಯ ಕಿಚ್ಚೂ ಮೊದಲು ಸುಡುವುದು ಅವನನ್ನೇ. ಇಲ್ಲಿನ ಹೆಚ್ಚಿನ ಸಿಬ್ಬಂದಿ ಕನ್ನಡ, ಮರಾಠಿ ಎರಡನ್ನೂ ಆಡುವವರು, ಒಂದೇ ವಾಕ್ಯದಲ್ಲಿ ಎರಡನ್ನೂ ಬೆರೆಸುವವರು. ಆದರೂ 2025ರ ಫೆಬ್ರುವರಿಯಲ್ಲಿ ಬೆಳಗಾವಿ ಹತ್ತಿರ ಮರಾಠಿ ಬರುವುದಿಲ್ಲ ಎಂದ ಕಂಡಕ್ಟರ್ ಮೇಲೆ ಹಲ್ಲೆಯಾಯಿತು. ಎರಡೂ ಕಡೆ ಬಸ್ಸುಗಳಿಗೆ ಮಸಿ ಬಿತ್ತು, ರಾಜ್ಯ ದಾಟುವ ಗಾಡಿಗಳು ನಿಂತವು. ಕೊಲ್ಹಾಪುರದ ರೂಟಿನ ಡ್ರೈವರಿಗೆ ಗಡಿಯ ಕೊಗನೊಳ್ಳಿ ದಾಟಿದ ಮೇಲೆ ಎದುರಿನ ಗುಂಪು ಬಸ್ಸಿಗೆ ಕಾಯುತ್ತಿದೆಯೋ ತನಗೆ ಕಾಯುತ್ತಿದೆಯೋ ಎಂಬ ಅಳುಕು. ಇದು ಸಾಲದೆಂಬಂತೆ ಮಳೆಗಾಲದಲ್ಲಿ ವೇದಗಂಗಾ ಉಕ್ಕಿ ಯಮಗರ್ಣಿ ಬಳಿ ಹೆದ್ದಾರಿಯೇ ಮುಳುಗುತ್ತದೆ, 2019 ಮತ್ತು 2021ರಲ್ಲಿ ಮುಳುಗಿತ್ತು. ಹಂಗಾಮು ಶುರುವಾದರೆ ಎರಡೆರಡು ಟ್ರೇಲರ್ ಕಬ್ಬು ಎಳೆಯುವ ಟ್ರ್ಯಾಕ್ಟರುಗಳ ಹಿಂದೆ ತೆವಳಬೇಕು. ತಡವಾದದ್ದಕ್ಕೆ ಬೈಗುಳ ಬೇರೆ.

2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಸಾಮಾನ್ಯವಾಗಿ ದಿನಕ್ಕೆ ಎಂಟು ತಾಸು ಕೆಲಸ ಎನ್ನುತ್ತಿತ್ತು. ವಸ್ತಿ ಗಾಡಿಯ ಡ್ರೈವರ್-ಕಂಡಕ್ಟರ್ ರಾತ್ರಿ ಹಳ್ಳಿಯಲ್ಲೇ ಮಲಗಿ ನಸುಕಿನಲ್ಲಿ ಮೊದಲ ಟ್ರಿಪ್ ತೆಗೆಯುತ್ತಾರೆ. ಗಾಡಿ ನಿಂತ ತಾಸುಗಳು ಕೆಲಸದ ಲೆಕ್ಕಕ್ಕೆ ಬಾರದಿರಬಹುದು, ಮನೆಯ ಲೆಕ್ಕಕ್ಕಂತೂ ಬರುವುದಿಲ್ಲ.

ಇಷ್ಟೆಲ್ಲ ಇದ್ದೂ ಇವರೇಕೆ ಒಗ್ಗಟ್ಟಾಗಿ ನಿಲ್ಲುವುದಿಲ್ಲ ಎಂದು ಕೇಳುವವರಿಗೆ 2021ರ ಏಪ್ರಿಲ್ ನೆನಪಿಸಬೇಕು. ಆರನೇ ವೇತನ ಆಯೋಗದ ಸಂಬಳ ಕೇಳಿ ಎರಡು ವಾರ ಮುಷ್ಕರ ನಡೆಯಿತು. ವಜಾ, ಅಮಾನತು, ದೂರದ ವರ್ಗಾವಣೆ ಸಾಲುಗಟ್ಟಿದವು. ಕೆಲಸಕ್ಕೆ ಬಂದ ಕೆಲವರ ಗಾಡಿಗೆ ಕಲ್ಲು ಬಿದ್ದವು. ಅಥಣಿಯಿಂದ ಕೃಷ್ಣೆ ದಾಟಿದರೆ ಸಿಗುವ ಜಮಖಂಡಿಯ ಡಿಪೊದ ಚಾಲಕರೊಬ್ಬರು ಅಂಥ ಕಲ್ಲೇಟಿಗೆ ಜೀವ ಬಿಟ್ಟರು. ಒಂದೇ ಡಿಪೊದಲ್ಲಿ ಚಹಾ ಕುಡಿಯುವವರ ನಡುವೆ ಆಗ ಬಿದ್ದ ಬಿರುಕು ಯಾವ ಅರಿಯರ್ಸಿನಿಂದಲೂ ಮುಚ್ಚುವಂಥದ್ದಲ್ಲ.

ಸರ್ಕಾರದಲ್ಲೇ ವಿಲೀನ ಮಾಡಿ ಎಂಬ ಬೇಡಿಕೆ ಹೊಸದಲ್ಲ. ಆಂಧ್ರದಲ್ಲಿ 2020ರ ಜನವರಿಯಲ್ಲಿ ಹಾಗೆ ಮಾಡಿದರು. ತೆಲಂಗಾಣದಲ್ಲಿ 2019ರಲ್ಲಿ 52 ದಿನ ಮುಷ್ಕರ ನಡೆದು ಸೋತಿತು, 2023ರಲ್ಲಿ ವಿಧಾನಸಭೆಯೇ ವಿಲೀನದ ಮಸೂದೆ ಒಪ್ಪಿತು. ಗಡಿಯಾಚೆಯ ಎಸ್‌ಟಿ ನೌಕರರು 2021ರಿಂದ 2022ರ ಏಪ್ರಿಲ್‌ವರೆಗೆ ಹೋರಾಡಿಯೂ ಅದನ್ನು ಪಡೆಯಲಿಲ್ಲ. ನಮ್ಮಲ್ಲಿ ವಿಲೀನವೇ ಮದ್ದು ಎಂದು ನಾನು ಹೇಳಲಾರೆ, ಖಜಾನೆಗೆ ಅದು ದೊಡ್ಡ ಹೊರೆ. ಆದರೆ ಉಚಿತ ಪ್ರಯಾಣದ ಹಣವನ್ನು ಆಯಾ ತಿಂಗಳೇ ಪೂರ್ತಿ ಕಟ್ಟುವುದು, ವೇತನ ಪರಿಷ್ಕರಣೆಯನ್ನು ಹೇಳಿದ ದಿನಕ್ಕೆ ಮಾಡುವುದು ವಿಲೀನವಿಲ್ಲದೆಯೂ ಆಗುವ ಕೆಲಸ.

ಆದದ್ದು ಬೇರೆ. 2025ರ ಆರಂಭದಲ್ಲಿ ಸರ್ಕಾರ ನಾಲ್ಕು ನಿಗಮಗಳಿಗೆ 2,000 ಕೋಟಿ ಸಾಲ ಎತ್ತಲು ಖಾತ್ರಿ ನಿಂತಿತು. ಅತಿ ದೊಡ್ಡ ಪಾಲು, 646 ಕೋಟಿ, ನಮ್ಮ ವಾಯವ್ಯ ಸಾರಿಗೆಯದು. ಆ ಸಾಲ ಹೊಸ ಬಸ್ಸಿಗಲ್ಲ. ಡೀಸೆಲ್ ಬಾಕಿಗೆ, ನೌಕರರ ಭವಿಷ್ಯನಿಧಿಯ ಬಾಕಿಗೆ.

ಇನ್ನು ಮುಂದಿನ ವೇತನ ಪರಿಷ್ಕರಣೆ. ಅದು 2024ರ ಜನವರಿ 1ರಿಂದ ಆಗಬೇಕಿತ್ತು. ಆಗಸ್ಟ್ 5ರಂದು ಗಾಡಿಗಳು ನಿಂತಾಗ, 38ರ ಪಕ್ಕದಲ್ಲಿ ಈ ಎರಡನೆಯ ಎಣಿಕೆಯೂ 19 ತಿಂಗಳು ದಾಟಿತ್ತು.