ಜೀವವುಳ್ಳ ಮದ್ದು

ಅಮ್ಮಸಂದ್ರದ ಸುತ್ತಿನ ತೆಂಗಿನ ತೋಟಗಳಿಗೆ ಕಪ್ಪುತಲೆ ಹುಳು ಬಿದ್ದಾಗ ಗೋನಿಯೋಜಸ್ ಎಂಬ ಕಿರುಕಣಜವನ್ನು ಬಿಡುವ ಕ್ರಮವುಂಟು. ಗರಿಯ ಅಡಿಯಲ್ಲಿ ಅವಿತ ಹುಳುವನ್ನು ಅದು ತಾನೇ ಅರಸಿ, ಅದರ ಮೈಮೇಲೆ ಮೊಟ್ಟೆಯಿಟ್ಟು ಸಂತತಿಯನ್ನು ಬೆಳೆಸುತ್ತದೆ. ಹುಳು ಕಡಮೆಯಾದಂತೆ ತಾನೂ ಕಡಮೆಯಾಗುತ್ತದೆ. ಸಿಂಪಡಿಸಿದ ವಿಷ ಹೆಚ್ಚುವುದಿಲ್ಲ. ಬಿಟ್ಟ ಜೀವಿ ಹೆಚ್ಚುತ್ತದೆ. ಈ ಭೇದವನ್ನು ತೋಟದವರಿಗೆ ಯಾರೂ ಕಲಿಸಬೇಕಾಗಿಲ್ಲ.

ಲಿಂಫೋಮವೆಂಬ ದುಗ್ಧಗ್ರಂಥಿಗಳ ಕ್ಯಾನ್ಸರಿಗೆ ಈಚೆಗೆ ಬಂದಿರುವ ಕಾರ್-ಟಿ ಚಿಕಿತ್ಸೆಯೂ ಇಂಥದೇ. ರೋಗಿಯ ರಕ್ತದಿಂದಲೇ ಟಿ ಜೀವಕೋಶಗಳನ್ನು ಬೇರ್ಪಡಿಸಿ, ಬಿ ಜೀವಕೋಶಗಳ ಮೇಲಿನ ಸಿಡಿ19 ಎಂಬ ಗುರುತನ್ನು ಹಿಡಿಯುವ ಶಕ್ತಿಯನ್ನು ಅವಕ್ಕಿತ್ತು, ಬೆಳೆಸಿ, ಮರಳಿ ಮೈಗೆ ಸೇರಿಸುತ್ತಾರೆ. ಮುಂಬಯಿಯ ಐಐಟಿ ಮತ್ತು ಟಾಟಾ ಸ್ಮಾರಕ ಕೇಂದ್ರಗಳ ಶ್ರಮದಿಂದ ಮೂಡಿದ ನೆಕ್ಸ್‌ಕಾರ್19ಕ್ಕೆ 2023ರ ಅಕ್ಟೋಬರಿನಲ್ಲಿ ಅನುಮತಿ ದೊರೆಯಿತು. ಬೆಂಗಳೂರಿನ ಇಮ್ಯುನೀಲ್ ಸಂಸ್ಥೆಯು 2025ರ ಜನವರಿಯಲ್ಲಿ ಕಾರ್ಟೆಮಿಯನ್ನು ಹೊರತಂದಿತು.

ಮೈ ಸೇರಿದ ಈ ಕೋಶಗಳ ನಡವಳಿಕೆ ಎಲ್ಲರಲ್ಲಿಯೂ ಒಂದೇ ತೆರನಲ್ಲ. ಸಾಮಾನ್ಯವಾಗಿ ಮೊದಲ ಒಂದೆರಡು ವಾರಗಳಲ್ಲಿ ಅವು ಬಹುವಾಗಿ ಹೆಚ್ಚುತ್ತವೆ. ಆಗ ಏಳುವ ಜ್ವರ ಕದನದ ಕಾವು. ಮಿತಿಮೀರಿದರೆ ರಕ್ತದೊತ್ತಡ ಕುಸಿಯುತ್ತದೆ, ಕೆಲವರಿಗೆ ಬುದ್ಧಿ ಮಂಕಾಗುತ್ತದೆ, ಮಾತು ತೊದಲುತ್ತದೆ. ಬಳಿಕ ಅವುಗಳ ಸಂಖ್ಯೆ ಇಳಿಯುತ್ತದೆ. ಕೆಲವರಲ್ಲಿ ವರ್ಷಗಟ್ಟಲೆ ಉಳಿಯುವುದೂ ಉಂಟು: 2010ರಲ್ಲಿ ಅಮೆರಿಕದಲ್ಲಿ ರಕ್ತದ ಕ್ಯಾನ್ಸರಿಗೆ ಇದೇ ಚಿಕಿತ್ಸೆ ಪಡೆದ ಇಬ್ಬರಲ್ಲಿ ಹತ್ತು ವರ್ಷಗಳ ತರುವಾಯವೂ ಅವು ಕಂಡುಬಂದವು. ಮತ್ತೆ ಕೆಲವರಲ್ಲಿ ಅವು ಬೇಗನೆ ದಣಿಯುತ್ತವೆ, ಇಲ್ಲವೆ ರೋಗವೇ ತನ್ನ ಗುರುತನ್ನು ಮರೆಸಿಕೊಂಡು ತಪ್ಪಿಸಿಕೊಳ್ಳುತ್ತದೆ.

ಇಲ್ಲಿಯೇ ನನ್ನ ಆತಂಕ. ಈ ಚಿಕಿತ್ಸೆಯನ್ನು ಕುರಿತ ನಮ್ಮ ಚರ್ಚೆಯೆಲ್ಲ ಬೆಲೆಯ ಸುತ್ತಲೇ ತಿರುಗುತ್ತಿದೆ. ಹತ್ತಾರು ಲಕ್ಷ ರೂಪಾಯಿ ಕೊಬ್ಬರಿಯ ಧಾರಣೆಯನ್ನು ನಂಬಿ ಬದುಕುವ ಸಂಸಾರಕ್ಕೆ ಎಟುಕದ ಮೊತ್ತ. ಸರ್ಕಾರ ಕೈಹಿಡಿಯಲೇಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಹಣ ಒದಗಿದ ಮಾತ್ರಕ್ಕೆ ಹೊಣೆ ತೀರಿತೆ? ಈ ಕೋಶಗಳು ಕೆಟ್ಟ ಬಿ ಕೋಶಗಳೊಡನೆ ಒಳ್ಳೆಯವನ್ನೂ ಕೊಲ್ಲುತ್ತವೆ. ಅದರಿಂದ ಮೈಯ ಪ್ರತಿಕಾಯಗಳು ಕುಗ್ಗಿ, ತಿಂಗಳುಗಳ ಮೇಲೂ ಸೋಂಕಿನ ಭಯ ತಪ್ಪದು. ಅಷ್ಟು ಹೊತ್ತಿಗೆ ರೋಗಿ ಬೆಂಗಳೂರಿನ ಆಸ್ಪತ್ರೆಯಲ್ಲಿರುವುದಿಲ್ಲ. ಅಮ್ಮಸಂದ್ರದ ತನ್ನ ಮನೆಯ ಜಗಲಿಯ ಮೇಲಿರುತ್ತಾನೆ. ಒಂದು ರಾತ್ರಿ ಜ್ವರ ಬಂದರೆ ಮನೆಯವರು ಅದನ್ನು ನೆಗಡಿಯ ಜ್ವರವೆಂದೇ ಬಗೆಯುತ್ತಾರೆ. ಹಿನ್ನೆಲೆ ತಿಳಿಯದ ವೈದ್ಯರೂ ಹಾಗೆಯೇ ಬಗೆದರೆ ತಪ್ಪು ಅವರದಲ್ಲ.

ಆದ್ದರಿಂದ ರೋಗಿ ಊರಿಗೆ ಹೊರಡುವಾಗ ಅವನ ಕೈಯಲ್ಲಿ ತಿಳಿಗನ್ನಡದ ಒಂದು ಪತ್ರವಿರಬೇಕು: ಮೈಯೊಳಗೆ ಏನು ನಡೆದಿದೆ, ಯಾವ ಲಕ್ಷಣಕ್ಕೆ ತಡಮಾಡಬಾರದು, ರಾತ್ರಿ ಯಾರನ್ನು ಕೇಳಬೇಕು ಎಂಬುದು ಅದರಲ್ಲಿರಬೇಕು. ತುರುವೇಕೆರೆ, ತಿಪಟೂರುಗಳ ವೈದ್ಯರಿಗೆ ಚಿಕಿತ್ಸೆ ಮಾಡಿದವರೇ ಮುಂಚಿತವಾಗಿ ವಿಷಯ ತಿಳಿಸಬೇಕು. ಇದಕ್ಕೆ ಲಕ್ಷಗಳು ಬೇಕಿಲ್ಲ, ಮುಂದಾಲೋಚನೆ ಸಾಕು.

ಕಣಜ ಬಿಟ್ಟ ರೈತ ಬೇಲಿ ಎಳೆದುಕೊಂಡು ಮನೆಗೆ ಹೋಗಿ ಸುಮ್ಮನಿರುವುದಿಲ್ಲ. ಮತ್ತೆ ಮತ್ತೆ ಬಂದು ಗರಿಯನ್ನು ತಿರುವಿ ನೋಡುತ್ತಾನೆ. ಮರಕ್ಕೆ ಸಲ್ಲುವ ಆ ಎಚ್ಚರ ಮನುಷ್ಯನಿಗೂ ಸಲ್ಲಬೇಡವೆ?